ಹೆರಿಗೆ ಕೋಣೆಯ ನರ್ಸಮ್ಮಂದಿರು ನಡೆದು ಬಂದ ದಾರಿ

1992–93ರ ಹೊತ್ತಿಗೆ ಕರ್ನಾಟಕದಲ್ಲಿ ಹತ್ತರಲ್ಲಿ ಆರಕ್ಕೂ ಹೆಚ್ಚು ಹೆರಿಗೆಗಳು ಮನೆಯಲ್ಲೇ ಆಗುತ್ತಿದ್ದವು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಆಸ್ಪತ್ರೆ ಹೆರಿಗೆಯ ಪ್ರಮಾಣ ಶೇ 97. ಲಕ್ಷ ಮಕ್ಕಳು ಹುಟ್ಟುವಾಗ 2004–06ರಲ್ಲಿ 213 ತಾಯಂದಿರು ಜೀವ ಕಳೆದುಕೊಳ್ಳುತ್ತಿದ್ದರು. 2018–20ಕ್ಕೆ ಆ ಸಂಖ್ಯೆ 69ಕ್ಕೆ ಇಳಿಯಿತು. ಈ ಸಾಧನೆಯನ್ನು ಜನನಿ ಸುರಕ್ಷಾ, ಮಡಿಲು ಕಿಟ್, 108 ಆಂಬುಲೆನ್ಸ್‌ಗಳ ಲೆಕ್ಕಕ್ಕೆ ಬರೆಯುವುದು ರೂಢಿ. ಅವೆಲ್ಲ ಬಸುರಿಯನ್ನು ಆಸ್ಪತ್ರೆಯ ಬಾಗಿಲವರೆಗೆ ತಂದವು, ನಿಜ. ಆದರೆ ಒಳಗೆ, ನಡುರಾತ್ರಿಯಲ್ಲಿ, ಆಕೆಯ ಕೈ ಹಿಡಿದು ಹೆರಿಗೆ ಮಾಡಿಸಿದವರಲ್ಲಿ ಹೆಚ್ಚಿನವರು ಸ್ಟಾಫ್ ನರ್ಸ್‌ಗಳು ಮತ್ತು ಎಎನ್‌ಎಂಗಳು, ಅಂದರೆ ದಾದಿಯ ಕೆಲಸವನ್ನೂ ಹೆರಿಗೆ ಮಾಡಿಸುವುದನ್ನೂ ಕಲಿತ ಸಹಾಯಕ ನರ್ಸ್‌ಗಳು. ಮೊದಲ ಶ್ರೇಯಸ್ಸು ಅವರಿಗೆ ಸಲ್ಲಬೇಕು.

ಅವರಿಗಿಂತ ಮುಂಚೆ ಊರೂರಿನಲ್ಲಿ ಸೂಲಗಿತ್ತಿಯರಿದ್ದರು. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ನರಸಮ್ಮ ಅಜ್ಜಿಯಿಂದ ಕಲಿತ ವಿದ್ಯೆಯಲ್ಲಿ, ಬಿಡಿಗಾಸು ಪಡೆಯದೆ, 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದರೆಂದು ನಾಡು ನೆನೆಯುತ್ತದೆ. ಬ್ರಿಟಿಷರ ಕಾಲದ ವೈದ್ಯಾಧಿಕಾರಿಗಳು ಇಂಥ ಹೆಂಗಸರನ್ನು ಕೊಳಕಿನವರು, ಅಜ್ಞಾನಿಗಳು ಎಂದೇ ಬರೆದಿಟ್ಟರು. ನಂಜಿನ ಭಯ ಸುಳ್ಳಲ್ಲ. ಆದರೆ ಬಾಣಂತಿಯ ಪಕ್ಕದಲ್ಲಿ ತಾಳ್ಮೆಯಿಂದ ಕೂರುವ ಅವರ ಗುಣವನ್ನು ಆ ವರದಿಗಳು ಲೆಕ್ಕಕ್ಕೇ ಹಿಡಿಯಲಿಲ್ಲ.

ಮೈಸೂರು ಸಂಸ್ಥಾನದಲ್ಲಿ ಹೆಂಗಸರಿಗೆಂದೇ ಆಸ್ಪತ್ರೆಗಳು ಎದ್ದವು; ಮಹಾರಾಣಿ ಕೆಂಪನಂಜಮ್ಮಣ್ಣಿಯವರ ಹೆಸರು ಹೊತ್ತ ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆ 1935ರದ್ದು. ಹಳ್ಳಿಗಳಿಗೆ ಮಾತ್ರ ತರಬೇತಾದವರು ತಲುಪಲಿಲ್ಲ. 1946ರಲ್ಲಿ, ದೇಶದ ಆರೋಗ್ಯ ವ್ಯವಸ್ಥೆಯನ್ನು ಪರಿಶೀಲಿಸಿದ ಭೋರ್ ಸಮಿತಿ ಈ ಕೊರತೆಯನ್ನು ಎತ್ತಿ ತೋರಿಸಿತು. ಐದು ವರ್ಷಗಳ ನಂತರ ಎಎನ್‌ಎಂ ತರಬೇತಿ ಆರಂಭವಾಯಿತು. ಹಳ್ಳಿಗೆ ಹೋಗಿ ಬಸುರಿ, ಬಾಣಂತಿ, ಮಗುವನ್ನು ನೋಡಿಕೊಳ್ಳುವುದೇ ಆಕೆಯ ಕೆಲಸ ಎಂದಿತ್ತು.

ಹಾಗೆ ಉಳಿಯಲಿಲ್ಲ. 1973ರಲ್ಲಿ ಕೇಂದ್ರ ಸರ್ಕಾರದ ಕರ್ತಾರ್ ಸಿಂಗ್ ಸಮಿತಿ ಆಕೆಯನ್ನು ಎಲ್ಲ ಬಗೆಯ ಆರೋಗ್ಯ ಕೆಲಸ ಮಾಡುವ ವಿವಿಧೋದ್ದೇಶ ಕಾರ್ಯಕರ್ತೆಯನ್ನಾಗಿ ಮಾಡಲು ಹೇಳಿತು. 24 ತಿಂಗಳ ತರಬೇತಿ 18ಕ್ಕೆ ಇಳಿಯಿತು, ಹೆರಿಗೆ ಕಲಿಕೆಯ ಕಾಲವೂ ಕುಗ್ಗಿತು. ಐದು ಸಾವಿರ ಜನಕ್ಕೊಂದು ಆರೋಗ್ಯ ಉಪಕೇಂದ್ರ, ಗುಡ್ಡಗಾಡಿನಲ್ಲಾದರೆ ಮೂರು ಸಾವಿರಕ್ಕೆ. ಅಲ್ಲಿ ಆಕೆ ಲಸಿಕೆ ಹಾಕಬೇಕು, ಮನೆ ಮನೆ ತಿರುಗಬೇಕು, ರಿಜಿಸ್ಟರ್ ತುಂಬಬೇಕು, ಸಂತಾನ ನಿಯಂತ್ರಣ ಶಸ್ತ್ರಚಿಕಿತ್ಸೆಯ ಗುರಿಯನ್ನೂ ಮುಟ್ಟಬೇಕು. ಹೀಗೆ ಕೆಲಸದ ಮೇಲೆ ಕೆಲಸ ಹೇರಿದ ಮೇಲೆ, ಹೆರಿಗೆ ಮಾಡಿಸುವ ಕೈ ಪಳಗುವುದಾದರೂ ಹೇಗೆ? ಈ ಇತಿಹಾಸದಲ್ಲಿ ನನಗೆ ಅತ್ಯಂತ ನೋವು ತರುವ ತಿರುವು ಇದು. ಮುಂದೆ ಕೆಲವರು "ಎಎನ್‌ಎಂಗಳಿಗೆ ಹೆರಿಗೆ ಮಾಡಿಸಲು ಬರುವುದಿಲ್ಲ" ಎಂದರು. ಕಲಿಯುವ ಅವಕಾಶವನ್ನು ಕಿತ್ತುಕೊಂಡದ್ದು ವ್ಯವಸ್ಥೆಯೇ.

2005ರ ಸುಮಾರಿಗೆ ಗಾಳಿ ತಿರುಗಿತು. ನರ್ಸ್‌ಗಳಿಗೂ ಎಎನ್‌ಎಂಗಳಿಗೂ ಆಕ್ಸಿಟೋಸಿನ್ ಕೊಡುವ, ತಾಯಿಗೆ ಫಿಟ್ಸ್ ಬಂದರೆ ಮೆಗ್ನೀಸಿಯಂ ಸಲ್ಫೇಟ್‌ನ ಮೊದಲ ಡೋಸ್ ಹಾಕುವ ಅನುಮತಿ ಸಿಕ್ಕಿತು. ಇದು ಸಣ್ಣ ಬದಲಾವಣೆಯಲ್ಲ. ಬಾಣಂತಿಯರ ಸಾವಿಗೆ ದೊಡ್ಡ ಕಾರಣ ರಕ್ತಸ್ರಾವ. ಮಗು ಹೊರಬಂದ ಒಂದು ನಿಮಿಷದೊಳಗೆ ತಾಯಿಗೆ 10 ಯೂನಿಟ್ ಆಕ್ಸಿಟೋಸಿನ್ ಚುಚ್ಚಿದರೆ ಗರ್ಭಕೋಶ ಬಿಗಿಯುತ್ತದೆ, ರಕ್ತ ಹೋಗುವುದು ಕಡಿಮೆಯಾಗುತ್ತದೆ. ಆ ಒಂದು ನಿಮಿಷದಲ್ಲಿ ಮಗು ಅತ್ತಿತೇ, ಉಸಿರಾಡುತ್ತಿದೆಯೇ ಎಂಬುದನ್ನೂ ಅದೇ ನರ್ಸ್ ನೋಡಬೇಕು; ಅಳದಿದ್ದರೆ ಒರೆಸಿ, ಬೆನ್ನು ಉಜ್ಜಿ, ಆಗಲೂ ಉಸಿರು ಬಾರದಿದ್ದರೆ ಕೈಯಿಂದ ಒತ್ತಿ ಉಸಿರು ಕೊಡುವ ಅಂಬು ಬ್ಯಾಗ್ ಹಿಡಿಯಬೇಕು. ಅದಕ್ಕೂ ಮುಂಚೆ ಗಂಟೆಗಟ್ಟಲೆ ನೋವು ಎಣಿಸಿ, ಅರ್ಧ ಗಂಟೆಗೊಮ್ಮೆ ಮಗುವಿನ ಎದೆಬಡಿತ ಕೇಳಿ, ಹೆರಿಗೆ ಎಷ್ಟು ಮುಂದುವರಿದಿದೆ ಎಂದು ಗೆರೆಯಲ್ಲಿ ತೋರಿಸುವ ಪಾರ್ಟೋಗ್ರಾಫ್ ಹಾಳೆಯಲ್ಲಿ ಗುರುತು ಹಾಕಿರುತ್ತಾಳೆ. ಆ ಗೆರೆ ದಾರಿ ತಪ್ಪಿದ್ದು ಆಕೆಯ ಕಣ್ಣಿಗೆ ಬಿದ್ದರೆ ತಾಯಿ ಸಮಯಕ್ಕೆ ದೊಡ್ಡಾಸ್ಪತ್ರೆ ಸೇರುತ್ತಾಳೆ. ಯಾವ ತೊಂದರೆಯೂ ಆಗದ ಹೆರಿಗೆಯ ಹಿಂದೆ ಇಷ್ಟೆಲ್ಲ ಇದೆ. ತೊಂದರೆ ಆಗದ್ದರಿಂದಲೇ ಅದು ಯಾರ ಗಮನಕ್ಕೂ ಬರುವುದಿಲ್ಲ.

ಕರ್ನಾಟಕದಲ್ಲಿ ಈಗಿನ ಸಂಕಟ ಬೇರೆ ಬಗೆಯದು. 2019–21ರ ಸಮೀಕ್ಷೆಯ ಪ್ರಕಾರ ಇಲ್ಲಿ ಶೇ 31.5ರಷ್ಟು ಹೆರಿಗೆಗಳು ಸಿಸೇರಿಯನ್. ನೆರೆಯ ತೆಲಂಗಾಣದಲ್ಲಿ ಅದು ಶೇ 60 ದಾಟಿತ್ತು. ಸಹಜ ಹೆರಿಗೆ ಹೆಚ್ಚಲೆಂದು ಅಲ್ಲಿ 2017ರಲ್ಲೇ ನರ್ಸ್‌ಗಳಿಗೆ 18 ತಿಂಗಳ ಮಿಡ್‌ವೈಫರಿ, ಅಂದರೆ ಹೆರಿಗೆ ಮಾಡಿಸುವ ವಿಶೇಷ ತರಬೇತಿ ಶುರುವಾಗಿತ್ತು. 2018ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ದೇಶಕ್ಕೆಲ್ಲ ಅನ್ವಯವಾಗುವ ಮಿಡ್‌ವೈಫರಿ ಮಾರ್ಗಸೂಚಿ ಹೊರಡಿಸಿತು. ತೊಡಕಿಲ್ಲದ ಹೆರಿಗೆಯನ್ನು ತರಬೇತಾದ ಮಿಡ್‌ವೈಫ್ ನೋಡಿಕೊಳ್ಳಲಿ, ತೊಡಕಾದರೆ ವೈದ್ಯರು ಬರಲಿ ಎಂಬುದು ಅದರ ಸಾರ. ಆ ವರ್ಷವೇ ಪದ್ಮಶ್ರೀ ಪಡೆದಿದ್ದ ಸೂಲಗಿತ್ತಿ ನರಸಮ್ಮ ಅದೇ ತಿಂಗಳ 25ರಂದು ತೀರಿಕೊಂಡರು.

ಮೇ 5 ಮಿಡ್‌ವೈಫ್‌ಗಳ ದಿನ, ಮೇ 12 ದಾದಿಯರ ದಿನ. ಹಾರ, ಶಾಲು, ಮೇಣದಬತ್ತಿ ಎಲ್ಲವೂ ಇರಲಿ. ಅವರು ಅದಕ್ಕೆ ಅರ್ಹರು. ಇದೇ ರಾಜ್ಯ ಕಿರಿಯ ಆರೋಗ್ಯ ಸಹಾಯಕಿಯರನ್ನು, ಅಂದರೆ ಎಎನ್‌ಎಂಗಳನ್ನು, ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಎಂದು ಗೌರವದಿಂದ ಕರೆಯತೊಡಗಿದೆ, ಒಳ್ಳೆಯದು. ಜೊತೆಗೆ ಎರಡು ಕೆಲಸ ಆಗಲೇಬೇಕು. ರಾಷ್ಟ್ರೀಯ ಆರೋಗ್ಯ ಅಭಿಯಾನದ (ಎನ್‌ಎಚ್‌ಎಂ) ಗುತ್ತಿಗೆಯಲ್ಲಿ ವರ್ಷಗಟ್ಟಲೆ ದುಡಿಯುತ್ತಿರುವ ನರ್ಸ್‌ಗಳಿಗೆ ಭದ್ರ ನೌಕರಿ ಸಿಗಬೇಕು. ಹೆರಿಗೆ ಕೋಣೆಯಲ್ಲಿ ಪಳಗಿದವರನ್ನು ಬೇರೆ ವಾರ್ಡಿಗೆ ಹಾಕಬಾರದೆಂದು ಹೆರಿಗೆ ಕೋಣೆಗಳ ಗುಣಮಟ್ಟ ಸುಧಾರಿಸುವ ಕೇಂದ್ರದ ಲಕ್ಷ್ಯ ಕಾರ್ಯಕ್ರಮ 2017ರಲ್ಲೇ ಹೇಳಿದೆ. ಡ್ಯೂಟಿ ಪಟ್ಟಿ ಬರೆಯುವವರು ಅದನ್ನು ಪಾಲಿಸಬೇಕು.