ತುಪ್ಪ ಗಟ್ಟಿಯಾದರೆ ಅದೂ ‘ಕೊಯಾಗ್ಯುಲೇಷನ್’ ಆಯಿತೇ?

ಪ್ರಶ್ನೆ: ಅಪ್ಪನ ರಕ್ತ ಪರೀಕ್ಷೆಯ ವರದಿಯಲ್ಲಿ ‘ಕೊಯಾಗ್ಯುಲೇಷನ್’ ಎಂದಿತ್ತು. ನಿಘಂಟಿನಲ್ಲಿ ನೋಡಿದರೆ ‘ಹೆಪ್ಪುಗಟ್ಟುವಿಕೆ’. ಚಳಿಗೆ ತುಪ್ಪ, ಕೊಬ್ಬರಿ ಎಣ್ಣೆ ಗಟ್ಟಿಯಾಗುವುದಕ್ಕೂ ಇದೇ ಪದವೇ?

ಉತ್ತರ: ಅಲ್ಲ. ತುಪ್ಪದ ಪಾತ್ರೆಯನ್ನು ಒಲೆಯ ಪಕ್ಕ ಇಟ್ಟರೆ ಸಾಕು, ಕರಗಿ ಮೊದಲಿನಂತಾಗುತ್ತದೆ. ಚಳಿಗೆ ಹೀಗೆ ಗಟ್ಟಿಯಾಗುವುದು ‘ಕಂಜೀಲ್’. ನಮ್ಮಲ್ಲಿ ಇದಕ್ಕೆ ‘ಹೆರೆತುಪ್ಪ’ ಎಂಬ ಚೆಂದದ ಮಾತೇ ಇದೆ. ರಕ್ತಕ್ಕೂ ‘ಕಂಜೀಲ್’ ಬಳಸುವುದುಂಟು, ಆದರೆ ಅದು ಕಥೆಗಾರರ ಬಳಕೆ, ವೈದ್ಯರದ್ದಲ್ಲ.

ಕೊಯಾಗ್ಯುಲೇಟ್ ಆದದ್ದು ಅಷ್ಟು ಸುಲಭವಾಗಿ ಹಿಂದಿರುಗುವುದಿಲ್ಲ. ಬೇಯಿಸಿದ ಮೊಟ್ಟೆಯನ್ನು ಎಷ್ಟು ಆರಿಸಿದರೂ ಬಿಳಿಭಾಗ ಮತ್ತೆ ಲೋಳೆಯಾದೀತೆ? ಸುಮಾರು 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದಂತೆ ಅದರ ಪ್ರೋಟೀನುಗಳ ಸುರುಳಿ ಬಿಚ್ಚಿ ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಗಿಣ್ಣದ ಹಾಲು ಹಬೆಯಲ್ಲಿ ಗಟ್ಟಿಯಾಗುವುದೂ ಹೀಗೆಯೇ. ಸುಳ್ಯ ಕಡೆಯ ರಬ್ಬರ್ ಬೆಳೆಗಾರರು ಶೀಟ್ ಮಾಡಲು ರಬ್ಬರ್ ಹಾಲಿಗೆ ಆಸಿಡ್ ಬೆರೆಸುತ್ತಾರಲ್ಲ, ಅದೂ ಕೊಯಾಗ್ಯುಲೇಷನ್ನೇ.

ರಕ್ತದ್ದು ಇನ್ನೂ ಸೊಗಸು. ಗಾಯವಾದಾಗ ರಕ್ತದಲ್ಲಿ ಕರಗಿದ್ದ ಫೈಬ್ರಿನೋಜೆನ್ ಎಂಬ ಪ್ರೋಟೀನು ಫೈಬ್ರಿನ್ ನೂಲಾಗಿ ಬಲೆ ಕಟ್ಟುತ್ತದೆ, ರಕ್ತಕಣಗಳು ಅದರಲ್ಲಿ ಸಿಕ್ಕಿಕೊಳ್ಳುತ್ತವೆ. ಆ ಬಲೆಯನ್ನು ಆಮೇಲೆ ಕರಗಿಸಲು ದೇಹ ಬೇರೊಂದು ಕಿಣ್ವವನ್ನೇ ಬಳಸಬೇಕು. ವರದಿಯಲ್ಲಿ ಸೆಕೆಂಡುಗಳ ಲೆಕ್ಕ ಇದ್ದರೆ, ಅದು ಹೆಪ್ಪುಗಟ್ಟಲು ಹಿಡಿದ ಹೊತ್ತು. ‘ರಕ್ತ ತೆಳು ಮಾಡುವ ಮಾತ್ರೆ’ ಎನ್ನುತ್ತೇವಲ್ಲ, ಅದು ರಕ್ತವನ್ನು ನೀರಾಗಿಸುವುದಿಲ್ಲ, ಹೆಪ್ಪುಗಟ್ಟುವುದನ್ನು ತಡೆಯುತ್ತದೆ ಅಷ್ಟೇ. ಅದರ ಸರಿಯಾದ ಹೆಸರು ‘ಆಂಟಿಕೊಯಾಗ್ಯುಲಂಟ್’. ವಿಟಮಿನ್ ‘ಕೆ’ಯ ‘ಕೆ’ ಕೂಡ ಇದೇ ಪದದ್ದು. ಅದನ್ನು ಕಂಡುಹಿಡಿದ ಡೆನ್ಮಾರ್ಕಿನ ಹೆನ್ರಿಕ್ ಡಾಮ್, ತಮ್ಮ ಭಾಷೆಯಲ್ಲಿ ‘ಕೆ’ಯಿಂದ ಶುರುವಾಗುವ ‘ಕೊಆಗುಲಾಟಿಯೋನ್’ ಪದದ ಮೊದಲಕ್ಷರವನ್ನೇ ಇಟ್ಟರು. ಆ ಕೆಲಸಕ್ಕೆ 1943ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲೂ ಸಿಕ್ಕಿತು.

ನನಗೆ ತುಂಬ ಇಷ್ಟವಾದದ್ದು ಪದದ ಹುಟ್ಟು. ಲ್ಯಾಟಿನ್ನಿನಲ್ಲಿ ‘ಕೊಆಗುಲಮ್’ ಎಂದರೆ ಚೀಸ್ ಮಾಡಲು ಹಾಲಿಗೆ ಹಾಕುತ್ತಿದ್ದ, ಕರುವಿನ ಜಠರದಿಂದ ತೆಗೆದ ಪದಾರ್ಥ. ಅಂದರೆ ಅವರ ಹೆಪ್ಪು! ರೋಮಿನವರೂ ನಾವೂ ರಕ್ತಕ್ಕೆ ಪದ ತಂದದ್ದು ಹಾಲಿನ ಪಾತ್ರೆಯಿಂದಲೇ.

ಬಳಸುವಾಗ ಒಂದು ಗಮನ: ಹೆಪ್ಪು ಹಾಕುವವರು ನಾವು, ಹೆಪ್ಪುಗಟ್ಟುವುದು ಹಾಲು. ಇಂಗ್ಲಿಷಿನಲ್ಲಿ ಗಟ್ಟಿಯಾಗುವುದಕ್ಕೂ ಗಟ್ಟಿ ಮಾಡುವುದಕ್ಕೂ ‘ಕೊಯಾಗ್ಯುಲೇಟ್’ ಒಂದೇ ಸಾಕು.