ದೀಪದ ಮುಂದೆ ಫೋಟೋ ಆಯಿತಲ್ಲ, ಇನ್ನು ಸಿರಿಂಜ್ ನೋಡೋಣ

ನರ್ಸಿಂಗ್ ಮ್ಯೂಸಿಯಂಗೆ ಮಕ್ಕಳನ್ನು ಕರೆದುಕೊಂಡು ಹೋದರೆ ಎಲ್ಲರೂ ಸೀದಾ ದೀಪದ ಹತ್ತಿರ ಓಡುತ್ತಾರೆ. ಸೆಲ್ಫಿ ಮುಗಿಯುವವರೆಗೆ ನಾನು ಬಾಯಿ ಬಿಡುವುದಿಲ್ಲ. ಬಿಟ್ಟರೂ ಯಾರು ಕೇಳುತ್ತಾರೆ?

ಕಾಸರಗೋಡಿನಲ್ಲಿ ನರ್ಸಿಂಗ್ ಕಲಿಸುವವಳು ನಾನು. ಈ ಸಲ ನಾವು ಹೋದದ್ದು ಹಳೆಯ ಆಸ್ಪತ್ರೆಯೊಂದರ ಹಿಂಬದಿಯಲ್ಲಿರುವ ಎರಡೇ ಕೋಣೆಯ ಮ್ಯೂಸಿಯಂಗೆ. ಇಂಥ ಜಾಗಕ್ಕೆ ಇಡೀ ಬಸ್ಸಿನ ಮಂದಿ ಒಟ್ಟಿಗೆ ನುಗ್ಗಿದರೆ ಹಿಂದಿನವರಿಗೆ ಮುಂದಿನವರ ಜಡೆ ಮಾತ್ರ ಕಾಣುತ್ತದೆ. ಆರಾರು ಮಂದಿಯನ್ನು ಒಳಗೆ ಬಿಟ್ಟು, ಉಳಿದವರನ್ನು ಚಹಾಕ್ಕೆ ಕಳಿಸಿದೆ. ನಿವೃತ್ತರಾದ ಸಿಸ್ಟರ್ ಒಬ್ಬರನ್ನೂ ಜತೆಗೆ ಕರೆದುಕೊಂಡು ಹೋಗಿದ್ದೆ. ಯಾರೇ ಹೋಗುವುದಿದ್ದರೂ ಇದೊಂದು ಮಾಡಿ. ಬೇರೆ ಗೈಡ್ ಬೇಡ.

ದೀಪದ ವಿಷಯ ಬೇಗ ಮುಗಿಸುತ್ತೇನೆ. ನರ್ಸಿಂಗ್ ಕಲಿಯುವವರು ದೀಪ ಹಿಡಿದು ಪ್ರತಿಜ್ಞೆ ಮಾಡುವ ಲ್ಯಾಂಪ್ ಲೈಟಿಂಗ್ ದಿನ ನಾವು ಹಿಡಿಯುವ ಉದ್ದ ಮೂತಿಯ ದೀಪ, ಆಧುನಿಕ ನರ್ಸಿಂಗ್‌ಗೆ ಬುನಾದಿ ಹಾಕಿದ ಫ್ಲಾರೆನ್ಸ್ ನೈಟಿಂಗೇಲ್ ಹಿಡಿದದ್ದಲ್ಲ. 1854ರಲ್ಲಿ ಕ್ರಿಮಿಯನ್ ಯುದ್ಧದ ಬ್ರಿಟಿಷ್ ಸೈನಿಕರ ಆರೈಕೆಗೆಂದು 38 ಮಂದಿ ದಾದಿಯರ ಜತೆ ಟರ್ಕಿಯ ಸ್ಕುಟಾರಿಗೆ ಹೋದ ಆಕೆ ರಾತ್ರಿ ವಾರ್ಡ್ ಸುತ್ತುವಾಗ ಹಿಡಿದದ್ದು ನೆರಿಗೆ ನೆರಿಗೆಯಾಗಿ ಮಡಚಿಕೊಳ್ಳುವ ಟರ್ಕಿ ಲಾಟೀನು. ಅವತ್ತು ನಾವು ಹೇಳುವ ಪ್ರತಿಜ್ಞೆಯೂ ಆಕೆ ಬರೆದದ್ದಲ್ಲ. 1893ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಲಿಸ್ಟ್ರಾ ಗ್ರೆಟರ್ ಮತ್ತು ಜತೆಯವರು ಬರೆದದ್ದು. ಇದನ್ನು ಕೇಳಿ ಮಕ್ಕಳ ಮುಖ ಸಪ್ಪೆಯಾಗುತ್ತದೆ. ಆಗಲಿ.

ಪಕ್ಕದ ಕಪಾಟಿನಲ್ಲಿ ಗಾಜಿನ ಸಿರಿಂಜ್ ಇತ್ತು. ಅದರ ಹತ್ತಿರ ಯಾರೂ ನಿಂತಿರಲಿಲ್ಲ. ನಮ್ಮ ಸಿಸ್ಟರ್ ಅಲ್ಲಿ ನಿಂತವರು ಅರ್ಧ ಗಂಟೆ ಕದಲಲಿಲ್ಲ. "ನಂಬ್ರ ನೋಡಿ ಮಕ್ಕಳೇ" ಎಂದರು. ಕೊಳವೆಯ ಮೇಲೊಂದು ನಂಬ್ರ, ಪಿಸ್ಟನ್ ಮೇಲೆ ಅದೇ ನಂಬ್ರ. ಒಂದರ ಪಿಸ್ಟನ್ ಇನ್ನೊಂದಕ್ಕೆ ಹಾಕಿದರೆ ಒಂದೋ ಸಿಕ್ಕಿಕೊಳ್ಳುತ್ತದೆ, ಇಲ್ಲ ಔಷಧಿ ಹಿಂದಕ್ಕೆ ಸೋರುತ್ತದೆ. ಇಂಜೆಕ್ಷನ್ ಆದ ಕೂಡಲೇ ನೀರು ಹಾಯಿಸಬೇಕು, ತಡವಾದರೆ ರಕ್ತ ಒಣಗಿ ಸೂಜಿ ಕಟ್ಟಿಕೊಳ್ಳುತ್ತದೆ. ಸೂಜಿಯ ತೂತಿಗೆ ಕೂದಲಿನಷ್ಟು ಸಪೂರದ ತಂತಿ ತೂರಿಸಬೇಕು. ಆಮೇಲೆ ಸೂಜಿಯ ತುದಿಯನ್ನು ಹತ್ತಿಯ ಮೇಲೆ ಎಳೆದು ನೋಡಬೇಕು. ಎಳೆ ಸಿಕ್ಕಿದರೆ ತುದಿ ಬಾಗಿದೆ ಎಂದರ್ಥ. ಆಗ ಕಲ್ಲಿಗೆ ತಿಕ್ಕಿ ಚೂಪು ಮಾಡುವುದು. ಇಷ್ಟೆಲ್ಲ ಆದ ಮೇಲೆ ಕುದಿಸುವುದು.

ಒಬ್ಬಳು ಕೇಳಿದಳು: "ಟೀಚರ್, ಕುದಿಸಿದರೆ ಸಾಕಾಗ್ತದಾ?" ಒಳ್ಳೆಯ ಪ್ರಶ್ನೆ. ಕುದಿಯುವ ನೀರು ಹೆಚ್ಚಿನ ರೋಗಾಣುಗಳನ್ನು ಕೊಲ್ಲುತ್ತದೆ, ಆದರೆ ಧನುರ್ವಾಯುವಿನಂಥ ಕೆಲವು ರೋಗಾಣುಗಳ ಗಟ್ಟಿ ಬೀಜಕಣ ಅದಕ್ಕೆ ಜಗ್ಗುವುದಿಲ್ಲ. ಅದಕ್ಕೇ ಆಟೋಕ್ಲೇವ್ ಬೇಕಾದದ್ದು. ಅದರಲ್ಲಿ ಒತ್ತಡದ ಹಬೆ, 121 ಡಿಗ್ರಿ, ಕನಿಷ್ಠ 15 ನಿಮಿಷ. ಗಡಿಬಿಡಿಯಲ್ಲಿ ಅರೆಬರೆ ಕುದಿಸಿದ ಸೂಜಿಯಿಂದ ಒಬ್ಬರ ಹೆಪಟೈಟಿಸ್ ಬಿ ಇನ್ನೊಬ್ಬರಿಗೆ ಹೋಗುವ ಅಪಾಯವೂ ಇತ್ತು. ಈಗ ಸಿರಿಂಜನ್ನು ಪ್ಯಾಕೆಟ್‌ನಿಂದ ತೆಗೆದು ಚುಚ್ಚುತ್ತೇವೆ. ಬಳಸಿದ ಸೂಜಿ ಬಿಳಿ ಡಬ್ಬಿಗೆ, ಸಿರಿಂಜ್ ಕೆಂಪು ಚೀಲಕ್ಕೆ. ಆ ಡಬ್ಬಿಯ ಮಹತ್ವ ಏನು ಅಂತ ನಾನು ಕ್ಲಾಸಿನಲ್ಲಿ ಎಷ್ಟು ಸಲ ಹೇಳಿದ್ದೇನೋ. ಸಿಸ್ಟರ್ ಒಂದು ಸೂಜಿ ತೋರಿಸಿದ್ದೇ ಸಾಕಾಯಿತು.

ಇನ್ನೊಂದು ಗೋಡೆಯಲ್ಲಿ ಹೂವಿನ ಎಸಳಿನಂಥ ಒಂದು ಬಣ್ಣದ ಚಿತ್ರ. ಅಲಂಕಾರಕ್ಕೆ ಹಾಕಿದ್ದು ಅಂದುಕೊಂಡು ಮಕ್ಕಳು ದಾಟಿಹೋದರು. ವಾಪಸ್ ಕರೆದೆ. ಇದು 1858ರಲ್ಲಿ ನೈಟಿಂಗೇಲ್ ಅಚ್ಚು ಹಾಕಿಸಿದ, ಆ ಯುದ್ಧದ ಸೈನಿಕರ ಸಾವಿನ ಲೆಕ್ಕ. ಕೆಂಪು ಗಾಯದಿಂದ ಸತ್ತವರದ್ದು, ನೀಲಿ ತಡೆಯಬಹುದಾಗಿದ್ದ ರೋಗಗಳಿಂದ ಸತ್ತವರದ್ದು, ಕಪ್ಪು ಉಳಿದ ಕಾರಣಗಳದ್ದು. ನೀಲಿಯ ಮುಂದೆ ಕೆಂಪು ಏನೇನೂ ಅಲ್ಲ. ಸ್ಕುಟಾರಿಯ ಆಸ್ಪತ್ರೆಯ ಅಡಿಯಲ್ಲೇ ಕೊಳೆತ ಚರಂಡಿ ಇತ್ತು. 1855ರ ಮಾರ್ಚಿನಲ್ಲಿ ಸರ್ಕಾರ ಕಳಿಸಿದ ತಂಡ ಚರಂಡಿ ತೊಳೆಸಿ, ಗಾಳಿ ಆಡುವಂತೆ ಮಾಡಿದ ಮೇಲೆ ಸಾವು ಇಳಿಯುತ್ತಾ ಬಂತು. ತಾನಿದ್ದ ಆಸ್ಪತ್ರೆಯಲ್ಲೇ ಅಷ್ಟು ಜನ ಯಾಕೆ ಸತ್ತರು ಎನ್ನುವುದು ಆಕೆಗೆ ಸ್ಪಷ್ಟವಾದದ್ದು ಊರಿಗೆ ಮರಳಿ, ವಿಲಿಯಂ ಫಾರ್ ಎಂಬ ಅಂಕಿಅಂಶ ತಜ್ಞರ ಜತೆ ಕೂತು ಲೆಕ್ಕ ಹಾಕಿದ ಮೇಲೆ. ಭಾರತಕ್ಕೆ ಆಕೆ ಒಮ್ಮೆಯೂ ಬಂದವಳಲ್ಲ. ಆದರೆ ಇಲ್ಲಿನ ಸೈನಿಕ ಠಾಣೆಗಳಿಗೆ ಪ್ರಶ್ನೆಪಟ್ಟಿ ಕಳಿಸಿ, ಉತ್ತರ ತರಿಸಿ, ನೀರು-ಚರಂಡಿಯ ಬಗ್ಗೆ ಸರ್ಕಾರದ ಬೆನ್ನು ಹತ್ತಿದ್ದಳು.

ಈ ಚಿತ್ರದ ಮುಂದೆ ನಾನು ಜಾಸ್ತಿ ಹೊತ್ತು ನಿಲ್ಲಿಸುವುದಕ್ಕೆ ಕಾರಣ ಇದೆ. ಬೆಳಿಗ್ಗೆ ವಾರ್ಡಿನ ಚಾರ್ಟ್ ತೆಗೆದು ನೋಡಿ, ಉಸಿರಾಟ ಎಲ್ಲರದ್ದೂ 20! ನ್ಯುಮೋನಿಯಾದವರದ್ದೂ 20, ನಾಳೆ ಡಿಸ್ಚಾರ್ಜ್ ಆಗುವವರದ್ದೂ 20. ಒಂದು ನಿಮಿಷ ಗಡಿಯಾರ ನೋಡಿಕೊಂಡು ಎದೆ ಏರಿಳಿಯುವುದನ್ನು ಎಣಿಸಲು ಉದಾಸೀನ. ರೋಗಿ ಹದಗೆಡುವಾಗ ಮೊದಲೇ ಸುಳಿವು ಕೊಡುವುದು ಹೆಚ್ಚಾಗಿ ಆ ಉಸಿರಾಟವೇ. ಸುಳ್ಳು ಅಂಕಿಯಿಂದ ಇಂಥ ಚಿತ್ರ ಬರೆಯಲು ಆಗ್ತದಾ ಎಂದು ಕೇಳಿದೆ. ಇಬ್ಬರು ನೆಲ ನೋಡಿದರು.

ಹೊರಡುವ ಮೊದಲು ಒಂದು ಕೆಲಸ ಕೊಟ್ಟೆ. ಮುಂದೊಂದು ದಿನ ಕಾಸರಗೋಡಿನ ನರ್ಸುಗಳಿಗೂ ಒಂದು ಕಪಾಟು ಸಿಕ್ಕಿದರೆ ಅದರಲ್ಲಿ ಏನಿಡುತ್ತೀರಿ? ಕೋವಿಡ್ ಸಮಯದ ಪಿಪಿಇ ಕಿಟ್ ಎಂದರು ಕೆಲವರು. ಲಸಿಕೆಯ ಡಬ್ಬಿ ಎಂದಳು ಕುಂಬಳೆಯವಳು. ಬದಿಯಡ್ಕ ಕಡೆಯ ಹುಡುಗಿ ಮಾತ್ರ ಪಾಲಿಯೇಟಿವ್ ಸಿಸ್ಟರ್, ಅಂದರೆ ವಾಸಿಯಾಗದ ಕಾಯಿಲೆಯವರ ನೋವು ತಗ್ಗಿಸಲು ಆರೈಕೆ ಮಾಡುವ ನರ್ಸ್, ಮನೆಮನೆಗೆ ಒಯ್ಯುವ ಚೀಲ ಮತ್ತು ಪುಸ್ತಕ ಎಂದಳು. ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದ ಊರುಗಳಲ್ಲಿ ಹಾಸಿಗೆ ಹಿಡಿದವರ ಮನೆಗೆ ಹೋಗುವ ಚೀಲ ಅದು. ಡ್ರೆಸ್ಸಿಂಗ್ ಯಾವಾಗ ಮಾಡಿದ್ದು, ಹುಣ್ಣು ಎಷ್ಟು ಅಗಲ, ಊಟ ಸೇರುತ್ತದಾ, ಎಲ್ಲ ಆ ಪುಸ್ತಕದಲ್ಲಿರುತ್ತದೆ. ಮನೆಯವರ ಹತ್ತಿರ ಕೇಳುವುದು ತುಳುವಿನಲ್ಲೋ ಕನ್ನಡದಲ್ಲೋ, ಬರೆಯುವುದು ಮಲಯಾಳದಲ್ಲೋ ಇಂಗ್ಲಿಷಿನಲ್ಲೋ. ಪಿಪಿಇ ಕಿಟ್‌ನವರು ಸುಲಭದಲ್ಲಿ ಬಿಡಲಿಲ್ಲ, ಬಸ್ಸು ತಲಪಾಡಿ ದಾಟುವವರೆಗೂ ವಾದ ನಡೆಯಿತು. ನನ್ನ ಓಟು ಪುಸ್ತಕಕ್ಕೆ.