ಬೀಮ್ ಸೋರ್ತಿದೆ ಅಂತ ಡಿಟೆಕ್ಟರ್ ಕೂಗಿದ್ರೆ ನಂಬೋದಾ ಬೇಡ್ವಾ?

ಪಾರ್ಟಿಕಲ್ ಆಕ್ಸಿಲರೇಟರ್ ಅಂದ್ರೆ ನಮಗೆ ನೆನಪಾಗೋದು ಡಿಕ್ಕಿ, ಹೊಸ ಕಣ, ಇವೇ. ಮಷೀನ್ ನಡೆಸೋರ ತಲೆನೋವೇ ಬೇರೆ. ಪೈಪಿನ ನಡುವೆ ಹೋಗ್ಬೇಕಾದ ಬೀಮಿಂದ, ಅಂದ್ರೆ ವೇಗವಾಗಿ ಓಡೋ ಕಣಗಳ ಧಾರೆಯಿಂದ, ಒಂದಿಷ್ಟು ಕಣ ದಾರಿ ತಪ್ಪಿ ಗೋಡೆಗೆ ಬಡೀತಾನೇ ಇರುತ್ವೆ, ಬಡಿದ ಜಾಗ ರೇಡಿಯೋಆಕ್ಟಿವ್ ಆಗುತ್ತೆ, ಆಮೇಲೆ ರಿಪೇರಿಗೆ ಅಲ್ಲಿ ಕೈ ಹಾಕೋದೇ ಕಷ್ಟ. ಅದಕ್ಕೇ ದೊಡ್ಡ ಪ್ರೋಟಾನ್ ಮಷೀನ್‌ಗಳಲ್ಲಿ ಮೀಟರ್‌ಗೆ 1 ವಾಟ್‌ಗಿಂತ ಹೆಚ್ಚು ಸೋರಬಾರದು ಅಂತ ಒಂದು ಲೆಕ್ಕ ಇಟ್ಕೊಂಡಿದ್ದಾರೆ. 1 ಮೆಗಾವಾಟ್ ಬೀಮಲ್ಲಿ ಇದು ಮೀಟರ್‌ಗೆ 10 ಲಕ್ಷದಲ್ಲಿ 1 ಪಾಲು! ಒಳಗೆ ಹೋದ ಕರೆಂಟಲ್ಲಿ ಹೊರಗೆ ಬಂದಿದ್ದನ್ನ ಕಳೆದು ನೋಡಿದ್ರೆ ಇಷ್ಟು ಸಣ್ಣ ವ್ಯತ್ಯಾಸ ಸಿಗೋದಿಲ್ಲ, ಹಾಗಾಗಿ ಪೈಪಿನ ಹೊರಗೆ ಚಿಮ್ಮೋ ರೇಡಿಯೇಷನ್ನೇ ಹಿಡೀಬೇಕು.

1960ರ ದಶಕದಲ್ಲಿ ಸ್ಟ್ಯಾನ್‌ಫರ್ಡ್‌ನ 3 ಕಿ.ಮೀ. ಉದ್ದದ ಎಲೆಕ್ಟ್ರಾನ್ ಮಷೀನಲ್ಲಿ ಇದಕ್ಕೆ ಮಾಡಿದ ಉಪಾಯ ನಂಗೆ ಭಾಳ ಇಷ್ಟ. ಗ್ಯಾಸ್ ತುಂಬಿದ ಒಂದು ಉದ್ದ ಕೇಬಲ್‌ನ ಮಷೀನ್ ಪಕ್ಕದಲ್ಲೇ ಎಳೆದ್ರು, ಅಷ್ಟೇ. ಎಲ್ಲಾದ್ರೂ ಬೀಮ್ ಬಡಿದ್ರೆ ಅಲ್ಲಿ ಗ್ಯಾಸ್ ಅಯಾನೀಕರಣ ಆಗಿ ಒಂದು ಪಲ್ಸ್ ಹುಟ್ಟುತ್ತೆ, ಅದು ಶುರುವಿನ ತುದಿಗೆ ವಾಪಸ್ ಓಡಿ ಬರುತ್ತೆ, 150 ಮೀಟರ್ ಮುಂದೆ ಬಡಿದಿದ್ರೆ ಹೆಚ್ಚುಕಮ್ಮಿ 1 ಮೈಕ್ರೋಸೆಕೆಂಡ್ ತಡವಾಗಿ ಬರುತ್ತೆ. ಪಲ್ಸ್ ತೋರಿಸೋ ಆಸಿಲೋಸ್ಕೋಪ್ ಪರದೆ ನೋಡಿದ್ರೆ ಸಾಕು, ಎಲ್ಲಿ ಅಂತ ಗೊತ್ತಾಗ್ತಿತ್ತು. ಆ ಲ್ಯಾಬ್‌ನ ಮೊದಲ ಡೈರೆಕ್ಟರ್ ಪನೋಫ್‌ಸ್ಕಿ ಹೆಸರು ಇವತ್ತಿಗೂ ಈ ಕೇಬಲ್‌ಗಿದೆ.

ಆಗ ಬೇಕಿದ್ದಿದ್ದು ಜಾಗ ಮಾತ್ರ. ತೀರಾ ತಣ್ಣಗಿದ್ದಾಗ ಮಾತ್ರ ತಡೆಯಿಲ್ಲದೆ ಕರೆಂಟ್ ಹರಿಯೋ ಸೂಪರ್‌ಕಂಡಕ್ಟಿಂಗ್ ಮ್ಯಾಗ್ನೆಟ್ ಬಂದ್ಮೇಲೆ, ಬೀಮ್ ಸ್ವಲ್ಪ ಬಡಿದ್ರೂ ಅದು ಬಿಸಿಯಾಗಿ ಆ ಗುಣ ಕಳ್ಕೊಳ್ಳುತ್ತೆ (ಇದೇ ಕ್ವೆಂಚ್) ಅಂತ, ಡಿಟೆಕ್ಟರ್ ಹೇಳಿದ ತಕ್ಷಣ ಬೀಮನ್ನೇ ಹೊರಗೆ ತಳ್ಳೋ ಕೆಲಸನೂ ಸೇರ್ಕೊಂಡ್ತು. ತೊಡಕು ಶುರುವಾಗಿದ್ದೇ ಇಲ್ಲಿ, ಡಿಟೆಕ್ಟರ್ ಸುಮ್ ಸುಮ್ನೆ ಕೂಗಿದ್ರೆ ಗಂಟೆಗಟ್ಟಲೆ ಕೆಲಸ ಹಾಳು. ಅಮೆರಿಕದ ಫರ್ಮಿಲ್ಯಾಬ್‌ನ ಟೆವಟ್ರಾನ್ ಮಷೀನಲ್ಲಿ ಇದೇ ಭಯಕ್ಕೆ ಡಿಕ್ಕಿ ನಡೀತಿರೋ ಹೊತ್ತಲ್ಲಿ ಲಾಸ್ ಮಾನಿಟರ್‌ಗಳಿಗೆ (ಸೋರಿಕೆ ಹಿಡಿಯೋ ಡಿಟೆಕ್ಟರ್‌ಗಳಿಗೆ) ಬೀಮ್ ನಿಲ್ಲಿಸೋ ಅಧಿಕಾರ ಕೊಟ್ಟಿರ್ಲಿಲ್ಲ. 2003ರ ಡಿಸೆಂಬರ್ 5ಕ್ಕೆ ರೋಮನ್ ಪಾಟ್ ಅನ್ನೋ ಒಂದು ಡಿಟೆಕ್ಟರ್ ಇದ್ದಕ್ಕಿದ್ದಂತೆ ಬೀಮ್ ಕಡೆ ಸರೀತು, ಮ್ಯಾಗ್ನೆಟ್‌ಗಳು ಸಾಲಾಗಿ ಕ್ವೆಂಚ್ ಆದ್ವು, ದಾರಿ ತಪ್ಪಿದ ಕಣಗಳನ್ನ ತಡೆಯೋ ಸ್ಟೇನ್‌ಲೆಸ್ ಸ್ಟೀಲ್ ಕಾಲಿಮೇಟರಲ್ಲಿ ಕೊರೆದಂಗೆ ಗೀರು ಬಿತ್ತು. ಕಣ್ಣಿತ್ತು, ಬಾಯಿಗೆ ಬೀಗ ಹಾಕಿದ್ರು.

ಯುರೋಪಿನ ಸರ್ನ್ ಲ್ಯಾಬ್‌ನ ದೊಡ್ಡ ಮಷೀನ್ ಎಲ್‌ಎಚ್‌ಸಿಲಿ ಆ ಆಟ ನಡೆಯಲ್ಲ. ಒಂದೊಂದು ಬೀಮಲ್ಲೂ 362 ಮೆಗಾಜೂಲ್ ಶಕ್ತಿ ಇರ್ಬೇಕು ಅಂತ ಡಿಸೈನ್ ಮಾಡಿದ ಮಷೀನದು. 27 ಕಿ.ಮೀ. ಸುತ್ತಲೂ ಸುಮಾರು 4000 ಮಾನಿಟರ್, ಹೆಚ್ಚಿನವು ನೈಟ್ರೋಜನ್ ತುಂಬಿದ ಅರ್ಧ ಮೀಟರ್ ಕೊಳವೆಗಳು. ಬೀಮ್ ಒಂದು ಸುತ್ತು ಹೊಡೆಯೋಕೆ 89 ಮೈಕ್ರೋಸೆಕೆಂಡ್, ಈ ಮಾನಿಟರ್‌ಗಳು 40 ಮೈಕ್ರೋಸೆಕೆಂಡಿಗೊಂದ್ಸಲ ಲೆಕ್ಕ ಕೊಡುತ್ವೆ.

ಆದ್ರೂ ಹಳೇ ಜಗಳ ಮುಗೀಲಿಲ್ಲ. ಪೈಪೊಳಗಿನ ಧೂಳಿನ ಕಣ ಬೀಮಿಗೆ ಬಿದ್ರೂ ಮಾನಿಟರ್ ಕೂಗುತ್ತೆ, ಇದಕ್ಕೆ ಅಲ್ಲಿನವರಿಟ್ಟ ಹೆಸರೇ ಯುಎಫ್‌ಓ, ಅಂದ್ರೆ ಗುರುತು ಸಿಗದ, ಬೀಳೋ ವಸ್ತು. ಪ್ರತಿ ಸಲ ಬೀಮ್ ಬಿಸಾಕೋಕಾಗುತ್ತಾ? ಕೊನೆಗೆ ಕೆಲವು ಕಡೆ ಬೀಮ್ ನಿಲ್ಲಿಸೋ ಸೋರಿಕೆಯ ಮಿತಿ ಏರಿಸಿದ್ರು, ಆಗೊಂದು ಈಗೊಂದು ಕ್ವೆಂಚ್ ಆದ್ರೂ ಆಗ್ಲಿ ಅಂತ.